ಪುಕ್ಕಟೆ ಸರ್ವಿಸ್‌ಗಳ ಮೇಲೆ ಸಾಫ್ಟ್‌ವೇರ್ ವ್ಯಾಪಾರ: ಯಾವುದು ಭಾರ ಹೊರುತ್ತದೆ, ಯಾವುದು ಕೈಕೊಡುತ್ತದೆ

ದುಡ್ಡು ಕೊಡುವ ಗ್ರಾಹಕರಿಗಾಗಿ ಒಂದು ವೆಬ್ ಸಾಫ್ಟ್‌ವೇರ್ ಶುರು ಮಾಡಲು ಇವತ್ತು ಡೊಮೇನ್ ಹೆಸರನ್ನು ಬಿಟ್ಟರೆ ಬೇರೇನನ್ನೂ ಕೊಳ್ಳಬೇಕಾಗಿಲ್ಲ. ಕೋಡ್ ಇಡಲು, ಹೋಸ್ಟ್ ಮಾಡಲು, ಡೇಟಾಬೇಸ್‌ಗೆ, ಲಾಗಿನ್‌ಗೆ, ಇಮೇಲ್‌ಗೆ, ಎರರ್ ಹಿಡಿಯಲು, ಎಲ್ಲಕ್ಕೂ ಫ್ರೀ ಪ್ಲಾನ್‌ಗಳಿವೆ. ಅವುಗಳನ್ನು ಎಷ್ಟು ಜಿಬಿ ಕೊಡುತ್ತಾರೆ ಎಂಬುದರಿಂದ ಅಳೆಯುವುದು ರೂಢಿ. ವ್ಯಾಪಾರಕ್ಕೆ ಆ ಅಳತೆ ಸಾಲದು. ಮೂರು ಪ್ರಶ್ನೆ ಕೇಳಿ: ಈ ಪ್ಲಾನ್‌ನಲ್ಲಿ ವ್ಯಾಪಾರ ಮಾಡಲು ಒಪ್ಪಿಗೆ ಇದೆಯೇ? ಮಿತಿ ದಾಟಿದ ದಿನ ಸರ್ವಿಸ್ ನಿಲ್ಲುತ್ತದೆಯೋ, ಬಿಲ್ ಬರುತ್ತದೆಯೋ? ಯಾರೂ ಬಳಸದೆ ಇದ್ದಾಗ ಅದು ಮಲಗುತ್ತದೆಯೋ, ಅಳಿಸಿಯೇ ಹೋಗುತ್ತದೆಯೋ? ಈ ಮೂರಕ್ಕೂ ಉತ್ತರ ಸಿಕ್ಕಿದ ಮೇಲೆ ಜಿಬಿ ಲೆಕ್ಕ ನೋಡಿದರೆ ಸಾಕು. ಕೆಳಗಿನ ವಿಮರ್ಶೆ ಈ ಪ್ರಶ್ನೆಗಳ ಮೇಲೆಯೇ ನಿಂತಿದೆ.

ಮೊದಲ ಪ್ರಶ್ನೆಯಲ್ಲೇ ಹೆಸರುವಾಸಿಯಾದ ಕೆಲವು ಬಿದ್ದುಹೋಗುತ್ತವೆ. ವರ್ಸೆಲ್ ಎಂಬ ಹೋಸ್ಟಿಂಗ್ ಸೇವೆಯ ಹಾಬಿ ಪ್ಲಾನ್ ಬಳಸಲು ಬಹಳ ಚೆನ್ನ. ನೆಕ್ಸ್ಟ್ ಜೆಎಸ್ ಕೋಡನ್ನು ತಳ್ಳಿದರೆ ನಿಮಿಷದೊಳಗೆ ಸೈಟ್ ಎದ್ದು ನಿಲ್ಲುತ್ತದೆ. ಆದರೆ ಅದು ಸ್ವಂತ ಬಳಕೆಗೆ, ಲಾಭದ ಉದ್ದೇಶ ಇಲ್ಲದ ಕೆಲಸಕ್ಕೆ ಮಾತ್ರ ಎಂದು ಷರತ್ತಿನಲ್ಲಿ ನೇರವಾಗಿ ಬರೆದಿದೆ. ಪೇಮೆಂಟ್ ಬಟನ್ ಇಟ್ಟರೆ, ಜಾಹೀರಾತು ಹಾಕಿದರೆ ಪ್ರೊ ಪ್ಲಾನ್‌ಗೆ ಹೋಗಲೇಬೇಕು. ಗಿಟ್‌ಹಬ್ ಪೇಜಸ್ ಕೂಡ ಹಾಗೆಯೇ: ಆನ್‌ಲೈನ್ ವ್ಯಾಪಾರ ನಡೆಸಲು, ದುಡ್ಡಿಗೆ ಸಾಫ್ಟ್‌ವೇರ್ ಸೇವೆ ಕೊಡಲು ಅದನ್ನು ಬಳಸುವಂತಿಲ್ಲ. ಸೈಟ್ 1 ಜಿಬಿ ಒಳಗಿರಬೇಕು, ತಿಂಗಳಿಗೆ ಸುಮಾರು 100 ಜಿಬಿ ಟ್ರಾಫಿಕ್. ಉತ್ಪನ್ನದ ಕೈಪಿಡಿ ಇಡಲು ಪೇಜಸ್ ಸರಿ, ಉತ್ಪನ್ನವನ್ನೇ ಇಡಲು ಅಲ್ಲ. ಸೈಟ್ ಬಿದ್ದಿದೆಯೇ ಎಂದು ಕಾಯುವ ಅಪ್‌ಟೈಮ್ ರೋಬಾಟ್ 5 ನಿಮಿಷಕ್ಕೊಮ್ಮೆ 50 ವಿಳಾಸಗಳನ್ನು ತಟ್ಟಿ ನೋಡುತ್ತದೆ. ಅದರ ಫ್ರೀ ಪ್ಲಾನ್ ಕೂಡ 2024ರ ಕೊನೆಯಿಂದ ವ್ಯಾಪಾರೇತರ ಬಳಕೆಗೆ ಸೀಮಿತವಾಗಿದೆ.

ಷರತ್ತು ಮೀರಿದರೆ ಯಾರೂ ಬಂದು ಕೇಳುವುದಿಲ್ಲ ಎಂದುಕೊಂಡು ಮುಂದುವರಿಯುವವರಿದ್ದಾರೆ. ಹೀಗೆ ಮಾಡಬೇಡಿ. ಖಾತೆಗೆ ಬೀಗ ಬೀಳುವುದು ಬಹುತೇಕ ಟ್ರಾಫಿಕ್ ಏರಿದಾಗ, ಅಂದರೆ ವ್ಯಾಪಾರ ಕುದುರುತ್ತಿರುವ ಹೊತ್ತಿನಲ್ಲೇ. ಮಿತಿ ತಪ್ಪಿಸಲು ಎರಡು ಮೂರು ಖಾತೆ ತೆರೆಯುವುದನ್ನೂ ಹೆಚ್ಚಿನ ಕಂಪನಿಗಳು ನಿಷೇಧಿಸಿವೆ. ಒಂದರ ತಪ್ಪಿಗೆ ಎಲ್ಲವೂ ಹೋಗಬಹುದು.

ಹೋಸ್ಟಿಂಗ್: ಕ್ಲೌಡ್‌ಫ್ಲೇರ್ ಮುಂದಿದೆ

ವ್ಯಾಪಾರಕ್ಕೆ ಒಪ್ಪಿಗೆಯೂ ಇದ್ದು, ಮಿತಿ ದಾಟಿದರೆ ಬಿಲ್ ಬರದೆ, ನಿದ್ದೆಗೂ ಜಾರದೆ ಇರುವ ಹೋಸ್ಟಿಂಗ್ ಬೇಕೆಂದರೆ ನಮ್ಮ ಮೊದಲ ಆಯ್ಕೆ ಕ್ಲೌಡ್‌ಫ್ಲೇರ್ ವರ್ಕರ್ಸ್. ಎಚ್‌ಟಿಎಂಎಲ್, ಚಿತ್ರ, ಜಾವಾಸ್ಕ್ರಿಪ್ಟ್ ಮುಂತಾದ ಸ್ಟ್ಯಾಟಿಕ್ ಫೈಲ್‌ಗಳ ರಿಕ್ವೆಸ್ಟ್‌ಗೆ ಲೆಕ್ಕವೇ ಇಲ್ಲ, ಟ್ರಾಫಿಕ್‌ಗೂ ದುಡ್ಡಿಲ್ಲ. ಕೋಡ್ ಓಡಬೇಕಾದ ರಿಕ್ವೆಸ್ಟ್‌ಗಳು ದಿನಕ್ಕೆ 1 ಲಕ್ಷ. ಲೆಕ್ಕ ಹೊಸದಾಗಿ ಶುರುವಾಗುವುದು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ನಡುರಾತ್ರಿಗೆ. ಮಿತಿ ಮುಗಿದರೆ 1027 ಎಂಬ ಎರರ್ ಬರುತ್ತದೆ, ಅಷ್ಟೇ. ಜೇಬಿಗೆ ಕತ್ತರಿ ಬೀಳುವುದಿಲ್ಲ.

1 ಲಕ್ಷ ಎಂದರೆ ಬಹಳ ಎನಿಸುತ್ತದೆ. ಆದರೆ ಡ್ಯಾಶ್‌ಬೋರ್ಡ್ ಪುಟವೊಂದು 5 ಸೆಕೆಂಡಿಗೊಮ್ಮೆ ಹೊಸ ಡೇಟಾ ಕೇಳುತ್ತದೆ ಎಂದುಕೊಳ್ಳಿ. ಗಂಟೆಗೆ 720, ಎಂಟು ಗಂಟೆಗೆ 5,760 ರಿಕ್ವೆಸ್ಟ್. ಅದನ್ನು ದಿನವಿಡೀ ತೆರೆದಿಟ್ಟುಕೊಂಡ 18 ಜನ ಸಾಕು, ದಿನದ ಪಾಲು ಖಾಲಿ. ಅದೇ ಪುಟ 30 ಸೆಕೆಂಡಿಗೊಮ್ಮೆ ಕೇಳಿದರೆ ನೂರು ಜನ ಹಿಡಿಸುತ್ತಾರೆ. ಟ್ಯಾಬ್ ಹಿನ್ನೆಲೆಗೆ ಹೋದಾಗ ಕೇಳುವುದನ್ನೇ ನಿಲ್ಲಿಸಿದರೆ ಇನ್ನೂ ಹೆಚ್ಚು. ಫ್ರೀ ಪ್ಲಾನ್ ಸಾಲುವುದಿಲ್ಲ ಎಂದು ದೂರುವ ಮುನ್ನ ಹುಡುಕಬೇಕಾದ ಮೊದಲ ಸೋರಿಕೆ ಇದು.

ವರ್ಕರ್ಸ್‌ನಲ್ಲಿ ನಿಜವಾಗಿ ಎಡವುವ ಜಾಗ ಇನ್ನೊಂದು. ಪ್ರತಿ ರಿಕ್ವೆಸ್ಟ್‌ಗೆ ಸಿಗುವ ಸಿಪಿಯು ಸಮಯ 10 ಮಿಲಿಸೆಕೆಂಡ್ ಮಾತ್ರ. ಡೇಟಾಬೇಸ್ ಉತ್ತರಕ್ಕಾಗಿ ಕಾಯುವ ಹೊತ್ತು ಇದರಲ್ಲಿ ಸೇರುವುದಿಲ್ಲ. ಹಾಗಾಗಿ ಓದಿ, ಬರೆದು, ಜೇಸನ್ (ಡೇಟಾ ಸಾಗಿಸುವ ಪಠ್ಯರೂಪ) ಕಳಿಸುವ ಮಾಮೂಲಿ ಕೆಲಸಕ್ಕೆ ಇದು ಧಾರಾಳ. ಆದರೆ ಬಿಕ್ರಿಪ್ಟ್ ಥರದ ಪಾಸ್‌ವರ್ಡ್ ಹ್ಯಾಶಿಂಗ್ ಬೇಕೆಂದೇ ಸಿಪಿಯು ತಿನ್ನುವಂತೆ ಮಾಡಿದ್ದು. 10 ಮಿಲಿಸೆಕೆಂಡಿನಲ್ಲಿ ಅದು ಮುಗಿಯುವುದಿಲ್ಲ. ಪಿಡಿಎಫ್ ತಯಾರಿ, ಚಿತ್ರದ ಗಾತ್ರ ಬದಲಾವಣೆ, ದೊಡ್ಡ ಸಿಎಸ್‌ವಿ ಓದುವುದು ಇವೂ ಅಷ್ಟೇ. ಲಾಗಿನ್ ಒಮ್ಮೆ ಆಗುತ್ತದೆ, ಇನ್ನೊಮ್ಮೆ 1102 ಎರರ್ ಬರುತ್ತದೆ ಎಂದಾದರೆ ಕಾರಣ ಬಹುಪಾಲು ಇದೇ. ಪಾಸ್‌ವರ್ಡ್ ಕೆಲಸವನ್ನು ಸುಪಾಬೇಸ್‌ನಂಥ ಲಾಗಿನ್ ಸೇವೆಗೆ ಬಿಡಿ, ಪಿಡಿಎಫ್ ಅನ್ನು ಬಳಕೆದಾರರ ಬ್ರೌಸರಿನಲ್ಲೇ ತಯಾರಿಸಿ. ಅದೂ ಆಗದಿದ್ದರೆ ತಿಂಗಳಿಗೆ 5 ಡಾಲರಿನ ಪ್ಲಾನ್ ಇದೆ. ಈ ಬರಹದಲ್ಲಿ ಬರುವ ಎಲ್ಲ ಪಾವತಿ ಪ್ಲಾನ್‌ಗಳ ಪೈಕಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಸಿಗುವುದು ಅದರಲ್ಲೇ.

ಇನ್ನೊಂದು ಹೋಸ್ಟಿಂಗ್ ಸೇವೆ ರೆಂಡರ್‌ನ ಸ್ವಭಾವ ಬೇರೆ. ನೋಡ್, ಜ್ಯಾಂಗೊ, ರೈಲ್ಸ್ ಹೀಗೆ ಮಾಮೂಲಿ ಸರ್ವರ್ ಪ್ರೋಗ್ರಾಂ ಅನ್ನು ಬದಲಾವಣೆ ಇಲ್ಲದೆ ಓಡಿಸಬಹುದು ಎಂಬುದು ಅದರ ದೊಡ್ಡ ಅನುಕೂಲ. ಆದರೆ 15 ನಿಮಿಷ ಯಾರೂ ಬರದಿದ್ದರೆ ಸರ್ವರ್ ಮಲಗುತ್ತದೆ, ಮುಂದಿನವರು ಬಂದಾಗ ಏಳಲು ಹತ್ತಿರಹತ್ತಿರ ಒಂದು ನಿಮಿಷ ಬೇಕು. ಮೊದಲ ಸಲ ಬಂದ ಗ್ರಾಹಕರು ಅಷ್ಟು ಹೊತ್ತು ಬಿಳಿ ಪರದೆ ನೋಡುತ್ತಾ ಕೂರುವುದಿಲ್ಲ. ತಿಂಗಳಿಗೆ 750 ಗಂಟೆ ಉಚಿತ. 31 ದಿನದ ತಿಂಗಳಿಗೆ 744 ಗಂಟೆ, ಅಂದರೆ ಸರಿಯಾಗಿ ಒಂದೇ ಸರ್ವರ್. ಪಿಂಗ್ ಮಾಡಿ (ಆಗಾಗ ರಿಕ್ವೆಸ್ಟ್ ಕಳಿಸಿ) ಎಚ್ಚರ ಇಟ್ಟರೂ ಎರಡನೆಯದಕ್ಕೆ ಜಾಗವಿಲ್ಲ. ಡಿಸ್ಕಿನಲ್ಲಿ ಬರೆದ ಫೈಲ್‌ಗಳು ಸರ್ವರ್ ಮರುಶುರುವಾದಾಗ ಇರುವುದಿಲ್ಲ. ಬಳಕೆದಾರರು ಏರಿಸಿದ ಫೋಟೊಗಳು ಮಾಯವಾಗುವುದು, ಎಸ್‌ಕ್ಯೂಎಲ್‌ಲೈಟ್ ಡೇಟಾಬೇಸ್ ಖಾಲಿಯಾಗುವುದು ಇದರಿಂದಲೇ. ಇನ್ನು ಅಲ್ಲಿನ ಉಚಿತ ಪೋಸ್ಟ್‌ಗ್ರೆಸ್ ಡೇಟಾಬೇಸ್: ತೆರೆದ 30 ದಿನಕ್ಕೆ ಅವಧಿ ಮುಗಿಯುತ್ತದೆ, ಆಮೇಲೆ 14 ದಿನದ ಗಡುವು, ನಂತರ ಅಳಿಸಿಹಾಕುತ್ತಾರೆ. ಗ್ರಾಹಕರ ಡೇಟಾವನ್ನು ಅಲ್ಲಿ ಇಡಲೇಬೇಡಿ. 2025ರ ಸೆಪ್ಟೆಂಬರ್‌ನಿಂದ ಫ್ರೀ ಸರ್ವರ್‌ಗಳಿಂದ 25, 465, 587 ಪೋರ್ಟ್‌ಗಳನ್ನೂ ಮುಚ್ಚಿರುವುದರಿಂದ ಮೇಲ್ ಕಳಿಸುವ ಮಾಮೂಲಿ ವಿಧಾನವಾದ ಎಸ್‌ಎಂಟಿಪಿ ಮೂಲಕ ಮೇಲ್ ಹೋಗುವುದಿಲ್ಲ. ಇಮೇಲ್ ಸೇವೆಯ ಎಚ್‌ಟಿಟಿಪಿ ಎಪಿಐ ಬಳಸಿದರೆ ಹೋಗುತ್ತದೆ. ಒಟ್ಟಾರೆ ರೆಂಡರ್ ಡೆಮೊಗೆ ಒಳ್ಳೆಯದು, ಗ್ರಾಹಕರಿಗೆ ಅದರ ಪಾವತಿ ಪ್ಲಾನ್ ಬೇಕು.

ದೊಡ್ಡ ಕ್ಲೌಡ್‌ಗಳ ವಿಷಯದಲ್ಲಿ ಎರಡನೆಯ ಪ್ರಶ್ನೆಯೇ ಮುಖ್ಯ. ಅಮೆಜಾನಿನ ಕ್ಲೌಡ್ ಆದ ಎಡಬ್ಲ್ಯೂಎಸ್‌ನಲ್ಲಿ 2025ರ ಜುಲೈ 15ರಿಂದ ಹೊಸ ಖಾತೆಗಳಿಗೆ ಹಳೆಯ 12 ತಿಂಗಳ ಉಚಿತ ಕೊಡುಗೆ ಇಲ್ಲ. ಬದಲಿಗೆ 200 ಡಾಲರ್‌ವರೆಗಿನ ಕ್ರೆಡಿಟ್. ಫ್ರೀ ಪ್ಲಾನ್ ಆರಿಸಿಕೊಂಡರೆ ಆರು ತಿಂಗಳು ಅಥವಾ ಕ್ರೆಡಿಟ್ ಮುಗಿಯುವವರೆಗೆ. ಕೋಡ್ ಓಡಿಸುವ ಲ್ಯಾಂಬ್ಡಾದಲ್ಲಿ ತಿಂಗಳಿಗೆ 10 ಲಕ್ಷ ರಿಕ್ವೆಸ್ಟ್, ಡೈನಮೊಡಿಬಿ ಡೇಟಾಬೇಸಿನಲ್ಲಿ 25 ಜಿಬಿ ಯಾವಾಗಲೂ ಉಚಿತ ಎಂಬುದು ನಿಜ. ಆದರೆ ಪಾವತಿ ಖಾತೆಯಲ್ಲಿ ಬಜೆಟ್ ಎಚ್ಚರಿಕೆ ಇಟ್ಟರೆ ಬರುವುದು ಒಂದು ಮೇಲ್ ಮಾತ್ರ, ಖರ್ಚು ತಾನಾಗಿ ನಿಲ್ಲುವುದಿಲ್ಲ. ಗೂಗಲ್ ಕ್ಲೌಡ್‌ನಲ್ಲೂ ಬಜೆಟ್ ಅಲರ್ಟ್ ಎಂದರೆ ಅಷ್ಟೇ. ಕೋಡಿನಲ್ಲಿ ಒಂದು ಕೊನೆಯಿಲ್ಲದ ಲೂಪ್ ಸೇರಿಕೊಂಡರೆ ರಾತ್ರಿ ಬೆಳಗಾಗುವುದರೊಳಗೆ ಉಳಿತಾಯ ಕರಗಬಹುದು. ಇನ್ನೂ ಆದಾಯವಿಲ್ಲದ ವ್ಯಾಪಾರಕ್ಕೆ ಮಿತಿ ಮುಟ್ಟಿದಾಗ ನಿಂತುಬಿಡುವ ಸರ್ವಿಸ್ ಒಳ್ಳೆಯದು, ಬಿಲ್ ಕಳಿಸುವುದಲ್ಲ. ಸೈಟ್ ಒಂದು ದಿನ ನಿಂತರೆ ಕ್ಷಮೆ ಕೇಳಬಹುದು, ಊಹಿಸದ ಬಿಲ್ಲಿಗೆ ಹಾಗೆ ಮಾಡಲಾಗದು.

ಡೇಟಾಬೇಸ್: ಹೆಚ್ಚು ಯೋಚಿಸಬೇಕಾದ ಜಾಗ

ಹೋಸ್ಟಿಂಗ್ ಬದಲಿಸಲು ಒಂದು ಸಂಜೆ ಸಾಕು. ಡೇಟಾಬೇಸ್ ಬದಲಿಸುವುದೆಂದರೆ ಬೇರು ಕಿತ್ತು ನೆಟ್ಟಂತೆ. ಅದಕ್ಕೇ ಪೋಸ್ಟ್‌ಗ್ರೆಸ್ ಆರಿಸಿಕೊಳ್ಳಿ ಎಂದು ಒತ್ತಿ ಹೇಳುತ್ತೇವೆ: ಒಂದು ಕಡೆ ಬಾಗಿಲು ಮುಚ್ಚಿದರೆ ಡಂಪ್ (ಡೇಟಾಬೇಸಿನ ಪೂರ್ತಿ ಪ್ರತಿ) ತೆಗೆದು ಇನ್ನೊಂದು ಕಡೆ ಏರಿಸಬಹುದು. ಬಾಗಿಲು ಮುಚ್ಚುವುದು ಬರೀ ಊಹೆಯ ಮಾತಲ್ಲ. ಹೆರೊಕು ತನ್ನ ಉಚಿತ ಸರ್ವರ್, ಡೇಟಾಬೇಸ್ ಎರಡನ್ನೂ 2022ರ ನವೆಂಬರ್ 28ಕ್ಕೆ ನಿಲ್ಲಿಸಿತು. ಡೇಟಾಬೇಸ್ ಸೇವೆ ಪ್ಲಾನೆಟ್‌ಸ್ಕೇಲ್‌ನ ಹಾಬಿ ಪ್ಲಾನ್ 2024ರ ಏಪ್ರಿಲ್‌ನಲ್ಲಿ ಮುಗಿಯಿತು, ಅದಕ್ಕೆ ಸಿಕ್ಕ ಮುನ್ಸೂಚನೆ ಸುಮಾರು ಒಂದು ತಿಂಗಳು. ಸೆಂಡ್‌ಗ್ರಿಡ್‌ನ ಉಚಿತ ಇಮೇಲ್ 2025ರಲ್ಲಿ ಹೋಯಿತು. ಇವುಗಳಲ್ಲಿ ಯಾವುದೂ ಕೆಟ್ಟ ಸೇವೆಯಾಗಿರಲಿಲ್ಲ.

ಸುಪಾಬೇಸ್ ಕೊಡುವುದು 500 ಎಂಬಿ ಪೋಸ್ಟ್‌ಗ್ರೆಸ್, ತಿಂಗಳಿಗೆ 50,000 ಬಳಕೆದಾರರ ಲಾಗಿನ್, 1 ಜಿಬಿ ಫೈಲ್ ಜಾಗ, 5 ಜಿಬಿ ಹೊರಹೋಗುವ ಡೇಟಾ, ಎರಡು ಪ್ರಾಜೆಕ್ಟ್. ಡೇಟಾಬೇಸ್ ಮತ್ತು ಲಾಗಿನ್ ಒಂದೇ ಕಡೆ ಸಿಗುವುದರಿಂದ ಒಬ್ಬಿಬ್ಬರು ಸೇರಿ ಕಟ್ಟುವ ಉತ್ಪನ್ನಕ್ಕೆ ಇದಕ್ಕಿಂತ ಬೇಗ ಕೈಗೂಡುವುದು ಕಡಿಮೆ. ಇಂಡೆಕ್ಸ್ ಸೇರಿಸಿ ಒಂದು ಸಾಲಿಗೆ 500 ಬೈಟ್ ಎಂದರೂ ಸುಮಾರು 10 ಲಕ್ಷ ಸಾಲು ಹಿಡಿಸುತ್ತದೆ. ಸಣ್ಣ ವ್ಯಾಪಾರಕ್ಕೆ ಅದು ವರ್ಷಗಟ್ಟಲೆ ಸಾಲಬೇಕು. ಸಾಲದೆ ಹೋಗುವುದು ಸಾಮಾನ್ಯವಾಗಿ ಲಾಗ್‌ಗಳನ್ನು, ವೆಬ್‌ಹುಕ್‌ನಲ್ಲಿ (ಬೇರೆ ಸೇವೆ ತಾನಾಗಿ ಕಳಿಸುವ ಸುದ್ದಿಯಲ್ಲಿ) ಬಂದ ಇಡೀ ಜೇಸನ್ ಅನ್ನು, ಚಿತ್ರಗಳನ್ನು ಟೇಬಲ್ಲಿನೊಳಗೆ ತುರುಕಿದಾಗ. 500 ಎಂಬಿ ದಾಟಿದರೆ ಡೇಟಾಬೇಸ್ ಓದಲು ಮಾತ್ರ ಎಂಬ ಸ್ಥಿತಿಗೆ ಹೋಗುತ್ತದೆ, ಹೊಸ ಆರ್ಡರ್ ಯಾವುದೂ ಬರೆಯಲಾಗುವುದಿಲ್ಲ. ಆಗ ಹಳೆಯ ಸಾಲುಗಳನ್ನು ಅಳಿಸಿದ ತಕ್ಷಣ ಜಾಗ ವಾಪಸ್ ಬರುವುದಿಲ್ಲ ಎಂಬುದು ಹಲವರಿಗೆ ಗೊತ್ತಿರುವುದಿಲ್ಲ. ಪೋಸ್ಟ್‌ಗ್ರೆಸ್ ಅಳಿಸಿದ ಸಾಲಿನ ಜಾಗವನ್ನು ಮುಂದಿನ ಬಳಕೆಗೆಂದು ಇಟ್ಟುಕೊಳ್ಳುತ್ತದೆ, ಡಿಸ್ಕಿಗೆ ಹಿಂತಿರುಗಿಸಲು ವ್ಯಾಕ್ಯೂಮ್ ಫುಲ್ ಓಡಿಸಬೇಕು. ಅದು ಟೇಬಲ್ಲಿಗೆ ಬೀಗ ಹಾಕುತ್ತದೆ, ಹೊಸ ಪ್ರತಿ ಬರೆಯಲು ಒಂದಿಷ್ಟು ಖಾಲಿ ಜಾಗವನ್ನೂ ಬೇಡುತ್ತದೆ. ಹಾಗಾಗಿ 400 ಎಂಬಿ ಮುಟ್ಟಿದಾಗಲೇ ಸ್ವಚ್ಛ ಮಾಡಿ.

ಒಂದು ವಾರ ಬಳಕೆ ಇಲ್ಲದಿದ್ದರೆ ಸುಪಾಬೇಸ್ ಪ್ರಾಜೆಕ್ಟ್ ನಿಂತುಹೋಗುತ್ತದೆ. ಅದು ತಾನಾಗಿ ಏಳುವುದಿಲ್ಲ, ಡ್ಯಾಶ್‌ಬೋರ್ಡಿಗೆ ಹೋಗಿ ನೀವೇ ಎಬ್ಬಿಸಬೇಕು. ಹಾಗೆ ಎಬ್ಬಿಸಲು 90 ದಿನ ಅವಕಾಶ. ಗ್ರಾಹಕರು ದಿನಾ ಬರುತ್ತಿದ್ದರೆ ಇದು ತೊಂದರೆಯಲ್ಲ. ಆದರೆ ತಿಂಗಳ ಕೊನೆಗೆ ಮಾತ್ರ ಬಳಸುವ ಬಿಲ್ಲಿಂಗ್ ಸಾಫ್ಟ್‌ವೇರ್ ಆದರೆ ಖಂಡಿತ ಪೆಟ್ಟು ಬೀಳುತ್ತದೆ. ಫ್ರೀ ಪ್ಲಾನ್‌ನಲ್ಲಿ ಬ್ಯಾಕಪ್ ಇಲ್ಲ ಎಂಬುದು ಇನ್ನೂ ದೊಡ್ಡ ವಿಷಯ. ಅದಕ್ಕೆ ಆಮೇಲೆ ಬರುತ್ತೇವೆ.

ಸುಪಾಬೇಸ್ ಬಳಸುವವರು ಮಾಡುವ ಅತಿ ಅಪಾಯಕಾರಿ ತಪ್ಪು ಮಿತಿಗೆ ಸಂಬಂಧಿಸಿದ್ದಲ್ಲ. ಬ್ರೌಸರಿಗೆ ಕೊಡುವ ಪಬ್ಲಿಕ್ ಕೀ ಯಾರಿಗೆ ಬೇಕಾದರೂ ಕಾಣುತ್ತದೆ, ಕಾಣಲೆಂದೇ ಇರುವುದು ಅದು. ಕಾವಲು ಇರುವುದು ಆರ್‌ಎಲ್‌ಎಸ್, ಅಂದರೆ ಯಾರು ಯಾವ ಸಾಲನ್ನು ನೋಡಬಹುದು ಎಂದು ಡೇಟಾಬೇಸಿನಲ್ಲೇ ಬರೆಯುವ ನಿಯಮದಲ್ಲಿ. ಎಸ್‌ಕ್ಯೂಎಲ್ ಬರೆದು ಟೇಬಲ್ ಮಾಡಿದಾಗ ಆ ನಿಯಮ ಹಾಕಲು ಮರೆತರೆ, ಆ ಕೀ ಹಿಡಿದ ಯಾರಾದರೂ ಎಲ್ಲ ಗ್ರಾಹಕರ ಸಾಲುಗಳನ್ನು ಓದಬಹುದು. ಪರೀಕ್ಷೆ ಸುಲಭ: ಎರಡು ಖಾತೆ ತೆರೆಯಿರಿ, ಒಂದರ ಲಾಗಿನ್ ಟೋಕನ್ ಹಿಡಿದು ಇನ್ನೊಂದರ ಡೇಟಾ ಕೇಳಿ, ಲಾಗಿನ್ ಇಲ್ಲದೆಯೂ ಕೇಳಿ. ಎರಡು ಸಲವೂ ಖಾಲಿ ಪಟ್ಟಿ ಬರಬೇಕು. ಎಲ್ಲ ನಿಯಮಗಳನ್ನೂ ದಾಟುವ ಸರ್ವಿಸ್ ರೋಲ್ ಕೀ ಅನ್ನು ಯಾವ ಕಾರಣಕ್ಕೂ ಬ್ರೌಸರ್ ಕೋಡಿನಲ್ಲಿ ಇಡಬೇಡಿ.

ನಿಯಾನ್ ಕೂಡ ಪೋಸ್ಟ್‌ಗ್ರೆಸ್ಸೇ, ಪ್ರಾಜೆಕ್ಟಿಗೆ ಅರ್ಧ ಜಿಬಿ. ಅದು 5 ನಿಮಿಷ ಕೆಲಸವಿಲ್ಲದಿದ್ದರೆ ಮಲಗುತ್ತದೆ, ಆದರೆ ಕ್ವೆರಿ ಬಂದ ಕೂಡಲೇ ಅರೆ ಕ್ಷಣದಲ್ಲಿ ತಾನಾಗಿ ಏಳುತ್ತದೆ. ಅಪರೂಪಕ್ಕೆ ಬಳಸುವ ಉತ್ಪನ್ನಕ್ಕೆ ಈ ಗುಣ ಸುಪಾಬೇಸ್‌ಗಿಂತ ಹೊಂದುತ್ತದೆ. ಆದರೆ ಇಲ್ಲಿ ಎಚ್ಚರವಾಗಿರುವ ಗಂಟೆಗಳಿಗೆ ಲೆಕ್ಕವಿದೆ. ನಿದ್ದೆ ತಪ್ಪಿಸಲು ಕೆಲವು ನಿಮಿಷಕ್ಕೊಮ್ಮೆ ಪಿಂಗ್ ಮಾಡುವವರು ತಿಂಗಳ ಪಾಲನ್ನು ತಾವೇ ಸುರಿದುಬಿಡುತ್ತಾರೆ, ಕೊನೆಯ ದಿನಗಳಲ್ಲಿ ಡೇಟಾಬೇಸ್ ಏಳುವುದೇ ಇಲ್ಲ. ಸೈಟ್ ಕಾಯುವ ಮಾನಿಟರ್ ತಟ್ಟುವ ವಿಳಾಸ ಡೇಟಾಬೇಸ್ ಮುಟ್ಟುತ್ತಿದೆಯೇ ಎಂದು ಅದಕ್ಕೇ ನೋಡಿಕೊಳ್ಳಬೇಕು. ಸರ್ವರ್ ಬದುಕಿದೆಯೇ ಎಂದು ಮಾತ್ರ ಹೇಳುವ ಬೇರೆ ವಿಳಾಸ ಮಾಡಿ.

ಗೂಗಲ್‌ನ ಫೈರ್‌ಬೇಸ್‌ನಲ್ಲಿ ಉಚಿತವಾದ ಸ್ಪಾರ್ಕ್ ಪ್ಲಾನ್ ಮಿತಿ ಮುಟ್ಟಿದರೆ ನಿಲ್ಲುತ್ತದೆ, ಬಿಲ್ ಇಲ್ಲ. ಅಷ್ಟರ ಮಟ್ಟಿಗೆ ಒಳ್ಳೆಯದು. ಅದರ ಡೇಟಾಬೇಸ್ ಫೈರ್‌ಸ್ಟೋರ್‌ನಲ್ಲಿ ದಿನಕ್ಕೆ 50,000 ಓದು, 20,000 ಬರಹ. ಲೆಕ್ಕ ಹಾಕುವುದು ಕ್ವೆರಿಗೆ ಅಲ್ಲ, ಬಂದ ಪ್ರತಿ ಡಾಕ್ಯುಮೆಂಟಿಗೆ. 50 ಸಾಲಿನ ಪಟ್ಟಿಯೊಂದನ್ನು ಸಾವಿರ ಸಲ ತೆರೆದರೆ ದಿನ ಮುಗಿಯಿತು. ಸರ್ವರ್ ಕೋಡ್ ಓಡಿಸುವ ಕ್ಲೌಡ್ ಫಂಕ್ಷನ್ಸ್ ಬೇಕೆಂದರೆ ಪಾವತಿಯ ಬ್ಲೇಜ್ ಪ್ಲಾನ್‌ಗೆ ಹೋಗಬೇಕು, ಅಲ್ಲಿ ಮಿತಿಯ ತಡೆಗೋಡೆ ಇಲ್ಲ. ಡೇಟಾವನ್ನು ಅಲ್ಲಿಂದ ಎತ್ತಿಕೊಂಡು ಹೋಗುವುದೂ ಪೋಸ್ಟ್‌ಗ್ರೆಸ್‌ನಷ್ಟು ಸಲೀಸಲ್ಲ. ಮೊಬೈಲ್ ಆಪ್ ಅಲ್ಲದಿದ್ದರೆ ನಾವು ಇದನ್ನು ಆರಿಸುವುದಿಲ್ಲ.

ಗ್ರಾಹಕರು ಏರಿಸುವ ಫೈಲ್‌ಗಳಿಗೆ ಕ್ಲೌಡ್‌ಫ್ಲೇರ್ ಆರ್2: 10 ಜಿಬಿ ಉಚಿತ, ಎಷ್ಟು ಡೌನ್‌ಲೋಡ್ ಆದರೂ ಟ್ರಾಫಿಕ್ಕಿಗೆ ದುಡ್ಡಿಲ್ಲ. ಆದರೆ ಶುರು ಮಾಡಲು ಕಾರ್ಡ್ ಕೊಡಬೇಕು, ಮಿತಿ ದಾಟಿದರೆ ಬಿಲ್ ಬರುತ್ತದೆ. ಫೈಲ್ ಏರಿಸುವ ಲಿಂಕನ್ನು ಲಾಗಿನ್ ಆದವರಿಗೆ ಮಾತ್ರ, ಕೆಲವೇ ನಿಮಿಷದ ಅವಧಿಗೆ ಕೊಡಿ. ಒಬ್ಬರಿಗೆ ಇಷ್ಟೇ ಎಂಬಿ ಎಂಬ ಲೆಕ್ಕ ನಿಮ್ಮ ಡೇಟಾಬೇಸಿನಲ್ಲಿ ಇರಲಿ.

ಇಮೇಲ್: ಶುರುವಿನ ದಿನವೇ ಮುರಿಯುವುದು ಇಲ್ಲಿ

ಸುಪಾಬೇಸ್ ಲಾಗಿನ್ ಜೊತೆ ಬರುವ ಇಮೇಲ್ ಪರೀಕ್ಷೆಗೆ ಮಾತ್ರ: ಗಂಟೆಗೆ 2, ಅದೂ ನಿಮ್ಮ ತಂಡದವರ ವಿಳಾಸಗಳಿಗಷ್ಟೇ. ಕಟ್ಟುವಾಗ ಎಲ್ಲ ಸರಿಯಾಗಿ ಕಾಣುತ್ತದೆ. ಬಿಡುಗಡೆಯ ದಿನ ಹೊರಗಿನವರು ಯಾರೂ ಖಾತೆ ತೆರೆಯಲಾಗುವುದಿಲ್ಲ. ಬೇರೆ ಎಸ್‌ಎಂಟಿಪಿ ಸೇವೆಯನ್ನು ಮೊದಲೇ ಜೋಡಿಸಿ. ಜೋಡಿಸಿದ ಮೇಲೂ ಗಂಟೆಗೆ 30 ಎಂಬ ಮಿತಿ ಇರುತ್ತದೆ. ಅದನ್ನು ಸೆಟ್ಟಿಂಗ್ಸ್‌ನಲ್ಲಿ ಏರಿಸಬೇಕು, ಬಹಳ ಜನ ಮರೆಯುವ ಹೆಜ್ಜೆ ಇದು.

ಇಮೇಲ್ ಸೇವೆಗಳಲ್ಲಿ ರೀಸೆಂಡ್ ತಿಂಗಳಿಗೆ 3,000, ದಿನಕ್ಕೆ 100 ಮೇಲ್ ಕೊಡುತ್ತದೆ, ಒಂದು ಡೊಮೇನಿಗೆ. ಬ್ರೆವೊದಲ್ಲಿ ದಿನಕ್ಕೆ 300. ರೀಸೆಂಡ್‌ನ ಎಪಿಐ ಹೆಚ್ಚು ಸರಳ, ದಾಖಲೆ ಓದಲು ಹಿತ. ಆದರೆ ದಿನಕ್ಕೆ 100 ಎಂಬುದು ಬಿಗಿ. ಒಬ್ಬ ಹೊಸ ಬಳಕೆದಾರರಿಗೆ ದೃಢೀಕರಣ, ಸ್ವಾಗತ, ರಸೀದಿ ಎಂದು ಮೂರು ಮೇಲ್ ಹೋದರೆ 33 ಜನಕ್ಕೆ ದಿನ ಮುಗಿಯುತ್ತದೆ, 34ನೆಯವರಿಗೆ ಪಾಸ್‌ವರ್ಡ್ ಬದಲಿಸುವ ಮೇಲ್ ಕೂಡ ತಲುಪುವುದಿಲ್ಲ. ಸ್ವಾಗತದ ಮೇಲ್ ಬಿಟ್ಟುಬಿಡಿ, ರಸೀದಿಯನ್ನು ಪೇಮೆಂಟ್ ಸೇವೆಯೇ ಕಳಿಸಲಿ, ಗೂಗಲ್ ಲಾಗಿನ್ ಸೇರಿಸಿ. ಆಗ 100 ಎಂಬುದು ಸಾಕಷ್ಟು ಹಿಗ್ಗುತ್ತದೆ. ಪ್ರತಿ ಸಲ ಮೇಲ್ ಲಿಂಕ್ ಒತ್ತಿ ಒಳಗೆ ಬರುವ ಲಾಗಿನ್ ವಿಧಾನ ಮಾತ್ರ ಈ ಪ್ಲಾನಿಗೆ ಒಗ್ಗುವುದಿಲ್ಲ. ಅಮೆಜಾನ್ ಎಸ್‌ಇಎಸ್ ಸಾವಿರ ಮೇಲಿಗೆ 10 ಸೆಂಟ್, ಬಹಳ ಅಗ್ಗ. ಆದರೆ ಹೊಸ ಖಾತೆ ಮೊದಲು ಸ್ಯಾಂಡ್‌ಬಾಕ್ಸ್‌ನಲ್ಲಿರುತ್ತದೆ: ದಿನಕ್ಕೆ 200, ದೃಢೀಕರಿಸಿದ ವಿಳಾಸಗಳಿಗೆ ಮಾತ್ರ. ಹೊರಬರಲು ಅರ್ಜಿ ಹಾಕಬೇಕು. ಬಿಡುಗಡೆಯ ಹಿಂದಿನ ದಿನ ಹಾಕಿ ಪ್ರಯೋಜನವಿಲ್ಲ.

ಮೇಲ್ ಕಳಿಸುವ ಡೊಮೇನಿಗೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ (ಮೇಲ್ ನಿಜಕ್ಕೂ ನಿಮ್ಮಿಂದಲೇ ಬಂದದ್ದು ಎಂದು ತೋರಿಸುವ ಡಿಎನ್‌ಎಸ್ ದಾಖಲೆಗಳು) ಮೂರೂ ಇರಲಿ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ಒಂದೇ ಹೆಸರಿಗೆ ಎರಡು ಎಸ್‌ಪಿಎಫ್ ದಾಖಲೆ ಹಾಕಿದರೆ ಎರಡೂ ಕೆಟ್ಟಂತೆ. ಹಳೆಯದಕ್ಕೇ ಹೊಸ ಸೇವೆಯ ಹೆಸರು ಸೇರಿಸಬೇಕು, ಒಟ್ಟು ಡಿಎನ್‌ಎಸ್ ಹುಡುಕಾಟ 10 ಮೀರಬಾರದು. ಗ್ರಾಹಕರಿಂದ ಬರುವ ಮೇಲ್‌ಗೆ ಕ್ಲೌಡ್‌ಫ್ಲೇರ್ ಇಮೇಲ್ ರೂಟಿಂಗ್ ಉಚಿತ: ನಿಮ್ಮ ಡೊಮೇನಿನ ವಿಳಾಸಕ್ಕೆ ಬಂದದ್ದನ್ನು ಈಗಿರುವ ಇನ್‌ಬಾಕ್ಸಿಗೆ ದಾಟಿಸುತ್ತದೆ. ಅದೇ ವಿಳಾಸದಿಂದ ಉತ್ತರಿಸಲು ಬೇರೆ ಮೇಲ್ ಸೇವೆ ಬೇಕಾಗುತ್ತದೆ.

ಡೊಮೇನ್‌ಗೆ ದುಡ್ಡು ಕೊಡಿ. ಉಚಿತ ಡೊಮೇನ್ ಹಂಚುತ್ತಿದ್ದ ಫ್ರೀನಾಮ್ 2023ರಲ್ಲಿ ಹೊಸ ನೋಂದಣಿ ನಿಲ್ಲಿಸಿತು. ಹೋಸ್ಟಿಂಗ್ ಕಂಪನಿ ಕೊಡುವ ಉಪಹೆಸರಿನಲ್ಲಿ ವ್ಯಾಪಾರ ಶುರು ಮಾಡಿದರೆ ಅಲ್ಲಿಂದ ಹೊರಡುವ ದಿನ ಗ್ರಾಹಕರ ಬುಕ್‌ಮಾರ್ಕ್, ಸರ್ಚ್‌ನಲ್ಲಿ ಗಳಿಸಿದ ಜಾಗ, ವೆಬ್‌ಹುಕ್ ವಿಳಾಸ ಎಲ್ಲವೂ ಹಿಂದೆಯೇ ಉಳಿಯುತ್ತವೆ.

ಪೇಮೆಂಟ್ ಸೇವೆಗಳಿಗೆ ತಿಂಗಳ ಶುಲ್ಕವಿಲ್ಲ, ಪ್ರತಿ ವಹಿವಾಟಿನಲ್ಲಿ ಪಾಲು. ಬೇರೆ ಬೇರೆ ದೇಶಗಳ ತೆರಿಗೆ ಲೆಕ್ಕವನ್ನೂ ತಾವೇ ಹೊರುವ ಪ್ಯಾಡಲ್, ಲೆಮನ್ ಸ್ಕ್ವೀಜಿ ಎರಡೂ ಶೇಕಡಾ 5 ಮತ್ತು 50 ಸೆಂಟ್ ತೆಗೆದುಕೊಳ್ಳುತ್ತವೆ. ಬೆಲೆ ಇಡುವಾಗ ಆ 50 ಸೆಂಟನ್ನು ಗಮನಿಸಿ. ತಿಂಗಳಿಗೆ 5 ಡಾಲರಿನ ಚಂದಾದಲ್ಲಿ 75 ಸೆಂಟ್, ಅಂದರೆ ಶೇಕಡಾ 15 ಹೋಯಿತು. ವರ್ಷಕ್ಕೆ ಒಮ್ಮೆಲೇ 50 ಡಾಲರ್ ಪಡೆದರೆ ಹೋಗುವುದು 3 ಡಾಲರ್, ಶೇಕಡಾ 6. ಪೇಮೆಂಟ್ ಆದ ಸುದ್ದಿ ತರುವ ವೆಬ್‌ಹುಕ್ ಎರಡು ಸಲ ಬರಬಹುದು, ಹಿಂದುಮುಂದಾಗಿಯೂ ಬರಬಹುದು. ಈವೆಂಟ್ ಐಡಿಯನ್ನು ಯೂನಿಕ್ ಕಾಲಮ್ಮಿನಲ್ಲಿ ಬರೆದಿಟ್ಟು, ಕೂಡಲೇ 200 (ಸಿಕ್ಕಿತು ಎಂಬ) ಉತ್ತರ ಕೊಟ್ಟು, ಉಳಿದ ಕೆಲಸ ಆಮೇಲೆ ಮಾಡಿ. ವೆಬ್‌ಹುಕ್ ಅಸಲಿಯೇ ಎಂದು ನೋಡುವ ಸಹಿ ಪರೀಕ್ಷೆ ಸೋಲುತ್ತಿದ್ದರೆ, ಬಹುಶಃ ಫ್ರೇಮ್‌ವರ್ಕ್ ಜೇಸನ್ ಅನ್ನು ಮೊದಲೇ ಬಿಚ್ಚಿರುತ್ತದೆ. ಸಹಿ ನೋಡಲು ಬಂದ ಪಠ್ಯ ಇದ್ದಹಾಗೆಯೇ ಬೇಕು. ಮಲಗಿರುವ ಸರ್ವರ್ ವೆಬ್‌ಹುಕ್ ತಪ್ಪಿಸಿಕೊಂಡರೆ ಪೇಮೆಂಟ್ ಸೇವೆಯಾದ ಸ್ಟ್ರೈಪ್ ಮೂರು ದಿನದವರೆಗೆ ಮತ್ತೆ ಮತ್ತೆ ಕಳಿಸುತ್ತದೆ. ಆದರೆ ದುಡ್ಡು ಕೊಟ್ಟವರು ಅಷ್ಟು ಹೊತ್ತು ಬೀಗ ಹಾಕಿದ ಖಾತೆಯ ಮುಂದೆ ನಿಂತಿರುತ್ತಾರೆ.

ಎರರ್ ಹಿಡಿಯಲು ಸೆಂಟ್ರಿ: ತಿಂಗಳಿಗೆ 5,000 ಎರರ್, ಒಬ್ಬ ಬಳಕೆದಾರ. ಬ್ರೌಸರ್ ಎಕ್ಸ್‌ಟೆನ್ಶನ್‌ಗಳ ಗಲಾಟೆಯನ್ನು ಸೋಸದಿದ್ದರೆ ವಾರದಲ್ಲೇ ಮುಗಿಯುತ್ತದೆ. ಸೋಸಿದರೆ ಆರಾಮ. ಒಬ್ಬರೇ ನೋಡಿಕೊಳ್ಳುವ ವ್ಯಾಪಾರಕ್ಕೆ ಇದನ್ನು ಕಣ್ಣುಮುಚ್ಚಿ ಆರಿಸಬಹುದು.

ಬ್ಯಾಕಪ್: ಗಿಟ್‌ಹಬ್ ಆಕ್ಷನ್ಸ್ ನಿಜವಾಗಿ ಉಪಕಾರಕ್ಕೆ ಬರುವುದು ಇಲ್ಲಿ

ಗಿಟ್‌ಹಬ್‌ನಲ್ಲಿ ಕೋಡ್ ಇಡುವ ಖಾಸಗಿ ರೆಪೊಗಳಿಗೆ ಮಿತಿ ಇಲ್ಲ, ವ್ಯಾಪಾರಕ್ಕೂ ಅಡ್ಡಿ ಇಲ್ಲ, ಜೊತೆಗೆ ಹೇಳಿದ ಕೆಲಸವನ್ನು ತಾನಾಗಿ ಓಡಿಸುವ ಆಕ್ಷನ್ಸ್ ತಿಂಗಳಿಗೆ 2,000 ನಿಮಿಷ. ಪ್ರತಿ ಜಾಬ್ ಅನ್ನು ಮುಂದಿನ ಪೂರ್ಣ ನಿಮಿಷಕ್ಕೆ ಏರಿಸಿ ಎಣಿಸುತ್ತಾರೆ. 10 ಸೆಕೆಂಡಿನ ಐದು ಜಾಬ್ ಎಂದರೆ 5 ನಿಮಿಷ. ಅವನ್ನೇ ಒಂದು ಜಾಬ್ ಮಾಡಿದರೆ 1 ನಿಮಿಷ.

ಸುಪಾಬೇಸ್ ಫ್ರೀ ಪ್ಲಾನ್‌ನಲ್ಲಿ ಇಲ್ಲದ ಬ್ಯಾಕಪ್ ಅನ್ನು ಇದರಿಂದಲೇ ಮಾಡಿಕೊಳ್ಳಬಹುದು. ದಿನಕ್ಕೊಮ್ಮೆ ಓಡುವ ಒಂದು ವರ್ಕ್‌ಫ್ಲೋ ಬರೆಯಿರಿ: ಪಿಜಿ ಡಂಪ್ ಎಂಬ ಸಾಧನದಿಂದ ಡಂಪ್ ತೆಗೆಯುವುದು, ಸಂಕುಚಿಸುವುದು, ಗುಪ್ತಲಿಪಿ ಮಾಡುವುದು, ಆರ್2ಗೆ ಏರಿಸುವುದು. ತಿಂಗಳಿಗೆ 60 ನಿಮಿಷದ ಒಳಗೆ ಮುಗಿಯುವ ಕೆಲಸ. ಎಡವುವ ಜಾಗ ಮೂರು. ಸುಪಾಬೇಸ್‌ನ ನೇರ ವಿಳಾಸ ಐಪಿವಿ6 (ಹೊಸ ಬಗೆಯ ಇಂಟರ್ನೆಟ್ ವಿಳಾಸ) ಮಾತ್ರ, ಗಿಟ್‌ಹಬ್‌ನ ಯಂತ್ರಗಳಿಗೆ ಐಪಿವಿ6 ಇಲ್ಲ. ಆದ್ದರಿಂದ ಪೂಲರ್ (ಸಂಪರ್ಕಗಳನ್ನು ಹಂಚಿಕೊಡುವ ನಡುವಿನ ಸೇವೆ) ವಿಳಾಸ ಬಳಸಿ, ಅದೂ 5432 ಪೋರ್ಟಿನ ಸೆಷನ್ ಮೋಡ್. 6543 ಪೋರ್ಟಿನ ಟ್ರಾನ್ಸಾಕ್ಷನ್ ಮೋಡ್ ಇರುವುದು ವರ್ಕರ್‌ನಂಥ ಕ್ಷಣಿಕ ಸಂಪರ್ಕಗಳಿಗೆ. ಅದರಲ್ಲಿ ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗಳು (ಮೊದಲೇ ಸಿದ್ಧಮಾಡಿಟ್ಟ ಕ್ವೆರಿಗಳು) ನಡೆಯುವುದಿಲ್ಲ, ಕೋಡಿನಲ್ಲಿ ಅವನ್ನು ಆಫ್ ಮಾಡಬೇಕು. ಎರಡನೆಯದು, ಸರ್ವರ್‌ನ ಪೋಸ್ಟ್‌ಗ್ರೆಸ್ ಆವೃತ್ತಿಗಿಂತ ಪಿಜಿ ಡಂಪ್ ಹಳೆಯದಾಗಿದ್ದರೆ ಅದು ಕೆಲಸ ಮಾಡಲು ನಿರಾಕರಿಸುತ್ತದೆ. ವರ್ಕ್‌ಫ್ಲೋದಲ್ಲೇ ಸರಿಯಾದ ಆವೃತ್ತಿ ಹಾಕಿಕೊಳ್ಳಿ. ಮೂರನೆಯದು ಸಮಯ: ಗಂಟೆಯ ಶುರುವಿನಲ್ಲಿ ದಟ್ಟಣೆ ಹೆಚ್ಚಿರುವುದರಿಂದ ಆಗ ಇಟ್ಟ ಜಾಬ್‌ಗಳು ತಡವಾಗುತ್ತವೆ. 17ನೇ ನಿಮಿಷ, 43ನೇ ನಿಮಿಷ ಹೀಗೆ ಯಾವುದಾದರೂ ಇಡಿ.

ಏರಿಸಿದ ಫೈಲಿನ ಗಾತ್ರ ನಿನ್ನೆಯದಕ್ಕಿಂತ ತೀರಾ ಕಡಿಮೆ ಇದ್ದರೆ ಜಾಬ್ ಸೋಲುವಂತೆ ಒಂದು ಸಾಲು ಸೇರಿಸಿ. ಪಾಸ್‌ವರ್ಡ್ ಬದಲಾದ ಮೇಲೆ ಖಾಲಿ ಫೈಲ್‌ಗಳು ದಿನಾ ಶಿಸ್ತಾಗಿ ಸಂಗ್ರಹವಾಗುತ್ತಿರುವುದು ಬೇಕಾದ ದಿನ ತಿಳಿದರೆ ಏನೂ ಮಾಡಲಾಗದು. ಡಂಪ್ ಗುಪ್ತಲಿಪಿಯ ಕೀಲಿಯನ್ನು ಗಿಟ್‌ಹಬ್ ಸೀಕ್ರೆಟ್ಸ್‌ನಲ್ಲಿ ಮಾತ್ರ ಇಡಬೇಡಿ. ಅಲ್ಲಿಂದ ಅದನ್ನು ಮತ್ತೆ ಓದಿ ನೋಡುವ ದಾರಿ ಇಲ್ಲ, ಪಾಸ್‌ವರ್ಡ್ ಮ್ಯಾನೇಜರಿನಲ್ಲೂ ಒಂದು ಪ್ರತಿ ಇರಲಿ.

ಮೊದಲ ಗ್ರಾಹಕರು ದುಡ್ಡು ಕೊಟ್ಟ ಮೇಲೆ ಯಾವುದಕ್ಕೆ ಮೊದಲು ಖರ್ಚು ಮಾಡಬೇಕು ಎಂದರೆ ನಮ್ಮ ಉತ್ತರ ಡೇಟಾಬೇಸ್. ಸುಪಾಬೇಸ್ ಪ್ರೊ ತಿಂಗಳಿಗೆ 25 ಡಾಲರ್. 8 ಜಿಬಿ ಜಾಗ, ಏಳು ದಿನದವರೆಗಿನ ದಿನನಿತ್ಯದ ಬ್ಯಾಕಪ್ ಬರುತ್ತದೆ, ಪ್ರಾಜೆಕ್ಟ್ ಮಲಗುವುದಿಲ್ಲ. ಅದರಲ್ಲಿ ಖರ್ಚಿನ ಮಿತಿಯ ಸ್ವಿಚ್ ಆನ್ ಇದೆಯೇ ಎಂದು ನೋಡಿಕೊಳ್ಳಿ. ಎರಡನೆಯದು ವರ್ಕರ್ಸ್‌ನ 5 ಡಾಲರ್, ಆಮೇಲೆ ಇಮೇಲ್. ಉಳಿದವು ಕಾಯಬಹುದು. ದುಡ್ಡು ಕೊಟ್ಟು ಬ್ಯಾಕಪ್ ಸಿಕ್ಕಿತೆಂದು ನಿಮ್ಮ ಸ್ವಂತ ಡಂಪ್ ನಿಲ್ಲಿಸಬೇಡಿ. ಕಂಪನಿಯ ಬ್ಯಾಕಪ್ ಕಂಪನಿಯ ಖಾತೆಯೊಳಗೇ ಇರುತ್ತದೆ. ಖಾತೆಗೇ ಬೀಗ ಬಿದ್ದರೆ ಅದು ಕೈಗೆ ಸಿಗುವುದಿಲ್ಲ.

ತಿಂಗಳಿಗೊಮ್ಮೆ ಹೊಸದೊಂದು ನಿಯಾನ್ ಪ್ರಾಜೆಕ್ಟ್ ತೆರೆದು, ಹಿಂದಿನ ರಾತ್ರಿಯ ಡಂಪ್ ಅನ್ನು ಅದಕ್ಕೆ ಏರಿಸಿ, ಸಾಲುಗಳ ಎಣಿಕೆ ಹೋಲಿಸಿ. ಲಾಗಿನ್ ಟೇಬಲ್‌ಗಳಿರುವ ಆಥ್ ಸ್ಕೀಮಾ (ಟೇಬಲ್‌ಗಳ ಗುಂಪು) ಡಂಪಿನಲ್ಲಿ ಸೇರಿದೆಯೇ ನೋಡಿ. ಪಬ್ಲಿಕ್ ಸ್ಕೀಮಾ ಮಾತ್ರ ತೆಗೆದಿದ್ದರೆ ಆರ್ಡರ್‌ಗಳೆಲ್ಲ ಇರುತ್ತವೆ, ಅವು ಯಾರವು ಎಂದು ಹೇಳುವ ಇಮೇಲ್ ವಿಳಾಸಗಳು ಇರುವುದಿಲ್ಲ. ಸುಪಾಬೇಸ್‌ಗೆ ಮಾತ್ರ ಸೇರಿದ ರೋಲ್‌ಗಳು, ಎಕ್ಸ್‌ಟೆನ್ಶನ್‌ಗಳು ಕಾಣಿಸಲಿಲ್ಲ ಎಂದು ನಿಯಾನ್ ಕೆಲವು ಎರರ್ ತೋರಿಸುತ್ತದೆ. ಮೊದಲ ಸಲ ಅವುಗಳ ಪಟ್ಟಿ ಬರೆದಿಟ್ಟುಕೊಳ್ಳಿ. ಆ ಪಟ್ಟಿ ಮತ್ತು ಅವನ್ನು ಸರಿಪಡಿಸುವ ನಾಲ್ಕು ಸಾಲಿನ ಎಸ್‌ಕ್ಯೂಎಲ್ ರೆಪೊದಲ್ಲೇ ಇದ್ದರೆ, ಯಾವ ಫ್ರೀ ಪ್ಲಾನ್ ಯಾವ ತಿಂಗಳು ಮುಚ್ಚಿದರೂ ಒಂದು ರಾತ್ರಿಯಲ್ಲಿ ಬೇರೆ ಕಡೆ ಎದ್ದು ನಿಲ್ಲಬಹುದು.